ಸರೀಕರ ಮುಂದೆ

"ಮೇಡಂ, ಕೋರ್ಟಿಗೆ ಹೋದ ಸಂಸಾರಗಳ ಜೊತೆ ನೀವು ದೆಹಲಿಯಲ್ಲಿ ಏನೋ ಕೆಲಸ ಮಾಡ್ತೀರಂತೆ. ಅದೇನು ಅಂತ ನಮಗೆ ತಿಳಿಯೋ ಹಾಗೆ ಬರೆದುಕೊಡಿ. ಉಪದೇಶ ಮಾತ್ರ ಬೇಡ" ಅಂತ ಸಂಘದ ಕಾರ್ಯದರ್ಶಿ ಹೇಳಿ ಕಳಿಸಿ ಎರಡು ತಿಂಗಳಾಯಿತು. ಉಪದೇಶ ಮಾಡುವ ಯೋಗ್ಯತೆ ನನಗೆ ಎಷ್ಟಿದೆ ಎಂಬುದು ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತದೆ. ನಾನೂ ಇದೇ ಸಂಘದಲ್ಲಿ ಸ್ಟೆನ್ಸಿಲ್ ಕೊರೆದು, ಕೈಗೆಲ್ಲ ಮಸಿ ಮಾಡಿಕೊಂಡವಳು. ಅಕ್ಷರ ತಪ್ಪಿದರೆ ಕೆಂಪು ದ್ರಾವಣ ಹಚ್ಚಿ, ಊದಿ ಆರಿಸಿ, ಅದರ ಮೇಲೆ ಮತ್ತೆ ಕೊರೆಯುತ್ತಿದ್ದೆವು. ಆ ಪುಟ್ಟ ಸೀಸೆ ನನ್ನ ಈಗಿನ ಕೆಲಸದಲ್ಲೂ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ನಾನಿರುವುದು ಮುನಿರ್ಕಾದಲ್ಲಿ. ಮುನಿರ್ಕಾ ಅಂದರೆ ಒಂದು ಊರಲ್ಲ, ಎರಡು. ಒಂದು ಹಳೆಯ ಹಳ್ಳಿ. ಅಲ್ಲಿ ಮನೆಗಳು ಎಷ್ಟು ಒತ್ತಾಗಿವೆಯೆಂದರೆ ಮೂರನೆಯ ಮಹಡಿಯಲ್ಲಿ ನಿಂತು ಎದುರು ಮನೆಯವರಿಗೆ ಉಪ್ಪಿನ ಡಬ್ಬಿ ದಾಟಿಸಬಹುದು. ಪಕ್ಕದಲ್ಲೇ ಜೆ.ಎನ್.ಯು. ಇರುವುದರಿಂದ ದೇಶದ ಎಲ್ಲ ಮೂಲೆಯ ಹುಡುಗ ಹುಡುಗಿಯರೂ ಬಾಡಿಗೆ ಕೋಣೆ ಹುಡುಕಿಕೊಂಡು ಇಲ್ಲಿಗೇ ಬರುತ್ತಾರೆ. ಇನ್ನೊಂದು ಡಿ.ಡಿ.ಎ. ಕಟ್ಟಿಸಿದ ಫ್ಲ್ಯಾಟುಗಳ ಮುನಿರ್ಕಾ. ಬೇವಿನ ಮರ, ನಿವೃತ್ತ ಸರಕಾರಿ ನೌಕರರು, ಮಧ್ಯಾಹ್ನದ ನಿಶ್ಶಬ್ದ. ನನ್ನ ಕೆಲಸದ ಕೋಣೆ ಮೊದಲನೆಯದರಲ್ಲಿದೆ. ನಾನು ಈಗ ಹೇಳಹೊರಟ ಶನಿವಾರದ ಕೂಟ ನಡೆಯುವುದು ಎರಡನೆಯದರಲ್ಲಿ. ಇಲ್ಲಿಂದ ಸ್ವಲ್ಪ ದೂರದಲ್ಲೇ, ರಾವ್ ತುಲಾರಾಂ ಮಾರ್ಗದ ಕಡೆ, ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡವಿದೆ. ಹಾಗಾಗಿ ಕನ್ನಡದವರ ಮನೆಯ ಕಷ್ಟ ಬಾಯಿಂದ ಬಾಯಿಗೆ ದಾಟಿ ನನ್ನ ಮೆಟ್ಟಿಲು ಹತ್ತುವುದುಂಟು. "ಮುನಿರ್ಕಾದಲ್ಲಿ ನಮ್ಮೋರೇ ಒಬ್ರು ಇದ್ದಾರಂತೆ." ಈ 'ನಮ್ಮೋರು' ಎಂಬ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ನನ್ನ ಕೆಲಸಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರಿಲ್ಲ. ಮನಶ್ಚಿಕಿತ್ಸೆ ಅಂದರೆ ಜನ ಗಾಬರಿ ಬೀಳುತ್ತಾರೆ. ಆಪ್ತ ಸಲಹೆ ಅಂದರೆ ಇವಳು ಸಲಹೆ ಕೊಡುತ್ತಾಳೆ ಅಂದುಕೊಳ್ಳುತ್ತಾರೆ. ನಿಜವಾಗಿ ನಾನು ಕೊಡುವುದಕ್ಕಿಂತ ಕೇಳುವುದು ಹೆಚ್ಚು. ಗಂಡ ಹೆಂಡತಿ ಬೇರೆಯಾಗಿ, ಮಗು ಯಾರ ಹತ್ತಿರ ಇರಬೇಕು ಅಂತ ದಾವೆ ನಡೆಯುತ್ತಿರುವಾಗ ಆ ಮಗು ಉಗುರು ಕಚ್ಚುತ್ತದೆ, ಶಾಲೆಗೆ ಹೋಗಲ್ಲ ಅನ್ನುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ. ಅಂಥ ಮಗುವನ್ನೋ, ನಿದ್ದೆ ಕಳೆದುಕೊಂಡ ತಾಯಿಯನ್ನೋ ತಂದೆಯನ್ನೋ ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸುವುದು, ಮಗುವಾದರೆ ಆಟ ಆಡಿಸುವುದು ನನ್ನ ಕಸುಬು.

ಕೋರ್ಟಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂದದ್ದು 1984ರಲ್ಲಿ. ಸಂಸಾರದ ಜಗಳವನ್ನು ಹೊಲದ ಬದುವಿನ ಜಗಳದ ಹಾಗೆ ನಡೆಸಬಾರದು ಎಂಬುದು ಅದರ ಹಿಂದಿನ ಯೋಚನೆ. ಅದರ 9ನೇ ಕಲಮಿನ ಪ್ರಕಾರ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನ ಮಾಡಲೇಬೇಕು. 6ನೇ ಕಲಮಿನಲ್ಲಿ ಕೋರ್ಟಿನ ಸ್ವಂತ ಸಲಹೆಗಾರರಿಗೆ ಅವಕಾಶವಿದೆ. 12ನೆಯದರಲ್ಲಿ ವೈದ್ಯರು, ಸಮಾಜಸೇವಾ ತಜ್ಞರು ಮೊದಲಾದವರ ನೆರವು ಪಡೆಯಬಹುದು. 13ನೆಯದು ವಕೀಲರನ್ನು ಇಟ್ಟುಕೊಳ್ಳುವುದು ಇಲ್ಲಿ ಯಾರಿಗೂ ಹಕ್ಕಲ್ಲ ಅನ್ನುತ್ತದೆ. ಆದರೂ ಕೋರ್ಟಿನ ಅನುಮತಿಯಿಂದ ಕರಿಕೋಟುಗಳು ಎಲ್ಲೆಲ್ಲೂ ಕಾಣುತ್ತವೆ ಎಂಬುದು ಬೇರೆ ಮಾತು. ದೆಹಲಿಗೆ ಇಂಥ ಕೋರ್ಟು ಬರಲು 2009ರವರೆಗೆ ಕಾಯಬೇಕಾಯಿತು. ಮೊದಲು ದ್ವಾರಕಾದಲ್ಲಿ, ಆಮೇಲೆ ಉಳಿದ ಕಡೆ. ಇದರ ಜೊತೆಗೆ 2005ರಿಂದ ಜಿಲ್ಲಾ ಕೋರ್ಟುಗಳಲ್ಲಿ ಮಧ್ಯಸ್ಥಿಕೆ ಕೇಂದ್ರಗಳೂ ಶುರುವಾದವು.

ಅಂದರೆ ಒಂದು ಮಗುವಿನ ಸುತ್ತ ಎಷ್ಟು ಜನ ಆದರು, ಎಣಿಸಿ. ಕೋರ್ಟಿನ ಸಲಹೆಗಾರ, ಮಧ್ಯಸ್ಥ, ಮಗುವನ್ನು ಪರೀಕ್ಷಿಸಿ ವರದಿ ಕೊಡಲು ಕೋರ್ಟು ನೇಮಿಸಿದ ತಜ್ಞ, ಇಬ್ಬರು ವಕೀಲರು, ಶಾಲೆಯ ಕೌನ್ಸೆಲರ್, ಕೊನೆಗೆ ನನ್ನಂಥ ಖಾಸಗಿಯವಳು. ಹೊರಗಿನವರಿಗೆ ಇವರೆಲ್ಲ ಒಂದೇ ಥರ ಕಾಣಬಹುದು. ಆದರೆ ವರದಿ ಕೊಡುವವರ ಕೆಲಸವೇ ಬೇರೆ, ಚಿಕಿತ್ಸೆ ಮಾಡುವವರ ಕೆಲಸವೇ ಬೇರೆ. ವರದಿ ಕೊಡುವವನು ಎರಡೂ ಕಡೆಯವರನ್ನು ನೋಡಬೇಕು, ಯಾರ ಮಾತನ್ನೂ ಸುಮ್ಮನೆ ನಂಬಬಾರದು. ಚಿಕಿತ್ಸೆ ಮಾಡುವವಳು ತನ್ನೆದುರು ಕೂತವರ ನೋವಿನ ಜೊತೆ ನಿಲ್ಲಬೇಕು. ನಿಲ್ಲದಿದ್ದರೆ ಅವರು ಬಾಯಿ ಬಿಡುವುದೇ ಇಲ್ಲ. ಒಬ್ಬಳೇ ಎರಡನ್ನೂ ಮಾಡಲು ಹೋದರೆ ಎರಡೂ ಕೆಡುತ್ತದೆ. ಕೋರ್ಟಿನ ಜೊತೆ ಸಂಬಂಧವಿರುವ ಚಿಕಿತ್ಸಕರಿಗಾಗಿಯೇ ಅಮೆರಿಕದ ಕೌಟುಂಬಿಕ ನ್ಯಾಯಾಲಯಗಳ ಸಂಘವೊಂದು 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. ಈ ಎರಡು ಪಾತ್ರಗಳನ್ನು ಕಲಸಬಾರದು ಎಂಬುದು ಅದರಲ್ಲಿ ಮುಖ್ಯವಾದ ಮಾತು. ನಾನು ಅದನ್ನು ಓದಿದ್ದೆ, ಪೆನ್ಸಿಲಿನಲ್ಲಿ ಗೆರೆ ಸಹ ಎಳೆದಿದ್ದೆ.

ಈಗ ಶನಿವಾರದ ಕೂಟಕ್ಕೆ ಬರೋಣ. ನಾವು ಆರು ಜನ. ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಬಂಗಾಳಿ ಹೆಂಗಸು ಒಬ್ಬರು. ಮನೆ ಅವರದೇ, ನಾವೆಲ್ಲ ಅವರನ್ನು ದೀದಿ ಅಂತೀವಿ. ಒಬ್ಬರು ಮಲಯಾಳಿ, ಒಬ್ಬರು ಪಂಜಾಬಿ, ಮಣಿಪುರದ ಒಬ್ಬ ಹುಡುಗ, ಲಖನೌ ಕಡೆಯ ಒಬ್ಬಾಕೆ, ನಾನು. ತಿಂಗಳಿಗೆ ಎರಡು ಶನಿವಾರ, ನಾಲ್ಕು ಗಂಟೆಗೆ. ಶುಲ್ಕ ಇಲ್ಲ, ಅಧ್ಯಕ್ಷರಿಲ್ಲ, ಹೆಸರೂ ಇಲ್ಲ. ಸಮೋಸಾ ಕೆಲಸ ಮುಗಿದ ಮೇಲೆ ಮಾತ್ರ. ಇದನ್ನು ಇಂಗ್ಲಿಷಿನಲ್ಲಿ ಪಿಯರ್ ಕನ್ಸಲ್ಟೇಷನ್ ಅನ್ನುತ್ತಾರೆ. ನಾನು ನನ್ನ ಮಟ್ಟಿಗೆ ಸರೀಕರ ಸಮಾಲೋಚನೆ ಅಂತ ಕರೆದುಕೊಂಡಿದ್ದೇನೆ. ಕನ್ನಡದಲ್ಲಿ ಸರೀಕರು ಅಂದ ಕೂಡಲೇ ಏನು ನೆನಪಾಗುತ್ತದೆ? "ಸರೀಕರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡಿಬಿಟ್ಟೆಯಲ್ಲೋ" ಅಂತ ಅಪ್ಪ ಅಮ್ಮ ಅನ್ನುವುದು. ಯಾರ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕೋ ಅವರೇ ಸರೀಕರು. ಈ ಕೂಟದಲ್ಲಿ ಬೇಕೆಂತಲೇ ಅವರ ಮುಂದೆ ತಲೆ ತಗ್ಗಿಸಬೇಕು. ಅದು ಅಭ್ಯಾಸವಾಗಲು ನನಗೆ ಒಂದು ವರ್ಷ ಹಿಡಿಯಿತು.

ಇದು ನಮ್ಮ ಸ್ವಂತ ಸಂಶೋಧನೆ ಏನೂ ಅಲ್ಲ. ಹಂಗೇರಿಯಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಮೈಕೆಲ್ ಬಾಲಿಂಟ್ ಎಂಬ ವೈದ್ಯರು 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ, ತಮ್ಮ ಹೆಂಡತಿ ಎನಿಡ್ ಜೊತೆಗೂಡಿ, ಸಾಧಾರಣ ಡಾಕ್ಟರುಗಳನ್ನು ವಾರವಾರ ಕೂರಿಸಿಕೊಂಡು "ನಿಮ್ಮನ್ನು ಕಾಡುವ ರೋಗಿಯ ವಿಷಯ ಹೇಳಿ" ಅನ್ನುತ್ತಿದ್ದರು. 1957ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ರೋಗಿಗೆ ಏನಾಗಿದೆ ಎಂಬುದರ ಜೊತೆಗೆ, ಆ ರೋಗಿಯ ಎದುರು ಡಾಕ್ಟರಿಗೆ ಏನಾಗುತ್ತಿದೆ ಎಂಬುದನ್ನೂ ನೋಡಬೇಕು ಎಂಬುದು ಅವರ ಹೊಸ ಮಾತು. ಬಾಲಿಂಟರ ಕೂಟದಲ್ಲಿ ನಡೆಸಿಕೊಡಲು ಒಬ್ಬ ಮುಂದಾಳು ಇರುತ್ತಿದ್ದ. ನಮ್ಮಲ್ಲಿ ಸರದಿ.

ನಡೆಯುವ ಕ್ರಮ ಹೀಗೆ. ಕೇಸು ತಂದವರು ಮೊದಲು ಪ್ರಶ್ನೆ ಹೇಳಬೇಕು. ಪ್ರಶ್ನೆ ಇಲ್ಲದೆ ಕತೆ ತರುವಂತಿಲ್ಲ, ಯಾಕೆಂದರೆ ಕೋರ್ಟಿಗೆ ಹೋದ ಸಂಸಾರದ ಕತೆ ಎಷ್ಟು ರಂಜಕವಾಗಿರುತ್ತದೆಂದರೆ ಸಂಜೆಯೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಹೆಸರು, ಊರು, ಉದ್ಯೋಗ, ಬೇಕಾದರೆ ಮಗು ಗಂಡೋ ಹೆಣ್ಣೋ ಎಂಬುದನ್ನೂ ಬದಲಾಯಿಸಬೇಕು. ಆದರೂ ಯಾರಿಗಾದರೂ ಗುರುತು ಸಿಕ್ಕಿದರೆ ಅವರು ಎದ್ದು ಅಡುಗೆಮನೆಗೆ ಹೋಗಿ ಕೂರಬೇಕು. ಹದಿನೈದು ನಿಮಿಷ ಹೇಳಿ ಆದ ಮೇಲೆ ಕೇಸು ತಂದವರು ಕುರ್ಚಿ ಹಿಂದೆ ಸರಿಸಿ ಬಾಯಿ ಮುಚ್ಚಿಕೊಳ್ಳಬೇಕು. ಉಳಿದ ಐವರು, ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡುತ್ತಾರೆ. ಇದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. "ಹಾಗಲ್ಲ, ನಾನು ಹೇಳಿದ್ದು ಹಾಗಲ್ಲ" ಅಂತ ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಕೊನೆಗೆ ತೀರ್ಮಾನ ಯಾರೂ ಕೊಡುವುದಿಲ್ಲ. ಕೇಸು ನಿಮ್ಮದು, ಜವಾಬ್ದಾರಿಯೂ ನಿಮ್ಮದು.

ಬೇರೆ ಕೇಸುಗಳಿಗಿಂತ ಇಂಥ ಕೇಸುಗಳಿಗೆ ಈ ಕೂಟ ಯಾಕೆ ಹೆಚ್ಚು ಬೇಕು? ಜಗಳ ಅಂಟುರೋಗದ ಹಾಗೆ, ಅದಕ್ಕೇ. ತಾಯಿಯ ಕಡೆ ಒಬ್ಬ ಚಿಕಿತ್ಸಕಿ, ತಂದೆಯ ಕಡೆ ಇನ್ನೊಬ್ಬ ಇದ್ದರೆ ನಾಲ್ಕು ತಿಂಗಳಲ್ಲಿ ಆ ಇಬ್ಬರೂ ಗಂಡ ಹೆಂಡತಿಯಂತೆಯೇ ಒಬ್ಬರನ್ನೊಬ್ಬರು ದೂರತೊಡಗುತ್ತಾರೆ. ನಮ್ಮ ಕೂಟದಲ್ಲೇ ಒಮ್ಮೆ ಮೂವರು ತಾಯಿಯ ಪಕ್ಷ, ಇಬ್ಬರು ತಂದೆಯ ಪಕ್ಷವಾಗಿ ದನಿ ಎತ್ತರಿಸಿದೆವು. ಆಗ ದೀದಿ ಗಡಿಯಾರ ನೋಡಿ, "ವಿಚ್ಛೇದನಕ್ಕೆ ಅರ್ಜಿ ಹಾಕೋಣವೇ, ಚಹಾ ಮಾಡಲೇ?" ಅಂದರು. ನಾವು ಯಾರ ಪಕ್ಷಕ್ಕೆ ವಾಲಿದೆವು ಎಂಬುದೇ ಆ ಮನೆಯ ಬಗ್ಗೆ ಏನೋ ಹೇಳುತ್ತಿತ್ತು. ಒಬ್ಬಳೇ ಕೂತು ಯೋಚಿಸಿದ್ದರೆ ಅದು ಕಾಣುತ್ತಿರಲಿಲ್ಲ, ಯಾಕೆಂದರೆ ಒಬ್ಬಳೇ ಇದ್ದಾಗ ನಾನು ಯಾವಾಗಲೂ ನ್ಯಾಯದ ಪಕ್ಷವೇ.

ಇನ್ನು ನನ್ನ ಕೇಸು. ಎರಡು ಮೂರು ಸಂಸಾರಗಳನ್ನು ಕಲಸಿ ಒಂದು ಮಾಡಿದ್ದೇನೆ. ನನ್ನ ತಪ್ಪನ್ನು ಮಾತ್ರ ಕಲಸಿಲ್ಲ. ತಂದೆ ಧಾರವಾಡದ ಕಡೆಯವರು ಎಂಬುದನ್ನೂ ಬದಲಾಯಿಸಿಲ್ಲ, ಬದಲಾಯಿಸಿದರೆ ವಿಷಯವೇ ಉಳಿಯುವುದಿಲ್ಲ. ಧಾರವಾಡದ ಕಡೆಯವರು ದೆಹಲಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ತಾಯಿ ಮಂಡ್ಯದ ಕಡೆ. ಹುಡುಗನಿಗೆ ಎಂಟು ವರ್ಷ. ಮೊದಲ ದಿನ ಆಕೆ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ, "ಅಕ್ಕಾ, ಇಲ್ಲಿ ಯಾರ ಹತ್ರ ಹೇಳಿಕೊಂಡರೂ ಹಿಂದಿಯಲ್ಲಿ ಹೇಳಬೇಕು. ಹಿಂದಿಯಲ್ಲಿ ನನಗೆ ಅಳು ಬರಲ್ಲ" ಅಂದಳು. ನಾನು ಹಾಸನದ ಕಡೆಯವಳು. ಅವಳ ರಾಗ, ಅವಳ 'ಕಣಕ್ಕಾ', ಅವಳು ತಂದುಕೊಟ್ಟ ಹುರಿಗಡಲೆ ಚಟ್ನಿಪುಡಿ... ನಾನು ಅವತ್ತೇ ಸೋತೆ ಅಂತ ಈಗ ಅನ್ನಿಸುತ್ತದೆ. ಹುಡುಗ ಒಂಬತ್ತು ಸಲ ಬಂದ. ಬಣ್ಣದ ಪೆನ್ಸಿಲಿನಲ್ಲಿ ಮೆಟ್ರೋ ಬರೆಯುತ್ತಿದ್ದ, ಬೋಗಿಗಳನ್ನು ಎಣಿಸುತ್ತಿದ್ದ. ನಾಲ್ಕನೆಯ ಸಲ ಬರೆಯುತ್ತಲೇ ಹೇಳಿದ, "ಅಪ್ಪ ಬೈತಾರೆ. ಮಂಗ್ಯಾನ ಮಗನ ಅಂತಾರೆ." ಇನ್ನೊಂದು ದಿನ, "ಅಪ್ಪನ್ನ ಕಂಡ್ರೆ ಭಯ. ಒಂದ್ಸಲ ತಟ್ಟೆ ಎಸೆದ್ರು."

ತಾಯಿ ಒಂದು ದಿನ, "ಅಕ್ಕಾ, ಮಗು ನಿಮ್ಮ ಹತ್ರ ಬರ್ತಾ ಇದೆ ಅಂತ ಒಂದು ಲೆಟರ್ ಕೊಡಿ, ವಕೀಲರು ಕೇಳ್ತಾ ಇದ್ದಾರೆ" ಅಂದಳು. ಕೊಟ್ಟೆ. ಬರುತ್ತಾ ಇದೆ ಅಂತ ಮಾತ್ರ ಬರೆದಿದ್ದರೆ ಸಾಕಾಗಿತ್ತು. ಇಂಗ್ಲಿಷಿನಲ್ಲಿ ಇನ್ನೂ ಮೂರು ವಾಕ್ಯ ಬರೆದೆ. ತಂದೆಯಿಂದ ವರ್ಬಲ್ ಅಬ್ಯೂಸ್ ಆಗುತ್ತಿದೆಯೆಂದು ಮಗು ಹೇಳುತ್ತದೆ. ಮಗು ತಂದೆಯ ಬಗ್ಗೆ ಭಯಗೊಂಡಿದೆ. ಸದ್ಯಕ್ಕೆ ತಂದೆಯ ಭೇಟಿಯನ್ನು ಮಿತಗೊಳಿಸುವುದು ಮಗುವಿನ ಹಿತಕ್ಕೆ ಒಳ್ಳೆಯದು. ಕೆಳಗೆ ಸಹಿ, ಮೊಹರು.

ಅದುವರೆಗೆ ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಹುಡುಗ ತಂದೆಯ ಜೊತೆ ಇರುತ್ತಿದ್ದ. ಆಮೇಲೆ ಅದು ತಿಂಗಳಿಗೆ ಎರಡು ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಒಂದು ಗಂಟೆ ಎಂದಾಯಿತು. ಕೋರ್ಟು ನನ್ನ ಪತ್ರ ಒಂದನ್ನೇ ನೋಡಿ ಹಾಗೆ ಮಾಡಿತು ಅಂತ ಹೇಳಲಾರೆ, ಬೇರೆ ಸಂಗತಿಗಳೂ ಇದ್ದವು. ಆದರೆ ಆದೇಶದಲ್ಲಿ ನನ್ನ ಪತ್ರದ ಪ್ರಸ್ತಾಪವಿತ್ತು. ಗೋಡೆಗೆ ಮಿಕ್ಕಿ ಮೌಸ್ ಬರೆದ ಆ ಕೋಣೆಗಳನ್ನು ನೀವು ನೋಡಿಲ್ಲ. ಆಟಿಕೆ ಇರುತ್ತವೆ. ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕು ತಂದೆಯರೋ ತಾಯಂದಿರೋ ತಮ್ಮ ಮಕ್ಕಳ ಜೊತೆ ಒಂದು ಗಂಟೆಯ ಸಂಸಾರ ಮಾಡುತ್ತಿರುತ್ತಾರೆ. ಮಗುವಿಗೆ ಏನು ಕೇಳಬೇಕು ಅಂತ ತೋಚದೆ ಊಟ ಆಯ್ತಾ, ಊಟ ಆಯ್ತಾ ಅಂತ ಮೂರು ಸಲ ಕೇಳುತ್ತಾರೆ.

ನಾನು ಈ ಕೇಸನ್ನು ಶನಿವಾರದ ಕೂಟಕ್ಕೆ ತಂದದ್ದು ತಪ್ಪು ಗೊತ್ತಾಗಿ ಅಲ್ಲ. ನನ್ನ ಪ್ರಶ್ನೆಯೇ ಬೇರೆ ಇತ್ತು: "ಚೆನ್ನಾಗಿ ಮಾತಾಡುತ್ತಿದ್ದ ಹುಡುಗ ಈಗ ಮಾತೇ ಆಡಲ್ಲ. ಏನು ಮಾಡಲಿ?" ಹದಿನೈದು ನಿಮಿಷ ಹೇಳಿದೆ, ಕುರ್ಚಿ ಹಿಂದೆ ಸರಿಸಿದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಮಣಿಪುರದ ಹುಡುಗ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು, "ಮಗು ಯಾವ ಭಾಷೆಯಲ್ಲಿ ಮಾತಾಡಿತು ಅಂತ ಅವರು ಹೇಳಲೇ ಇಲ್ಲ. ಅಬ್ಯೂಸ್ ಅಂತ ಎಂಟು ವರ್ಷದ ಮಗು ಹೇಳುತ್ತದೆಯೇ?" ಅಂದ. ದೀದಿ ನಿಯಮ ಮುರಿದು ನನ್ನ ಕಡೆ ತಿರುಗಿದರು. "ಮಗು ಆಡಿದ ಮಾತನ್ನು ಅದು ಆಡಿದ ಹಾಗೇ ಹೇಳು. ನಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ."

ನಾನು ಹೇಳಿದೆ: "ಅಪ್ಪ ಬೈತಾರೆ. ಮಂಗ್ಯಾನ ಮಗನ ಅಂತಾರೆ."

"ಬೈತಾರೆ ಅಂದರೆ?"

ಬೈಯುವುದು ಅಂದರೆ... ನನ್ನ ಅಮ್ಮ ದಿನಾ ಬೆಳಗ್ಗೆ ಬೈದು ಎಬ್ಬಿಸುತ್ತಿದ್ದಳು. ಮೇಷ್ಟ್ರು ಬೈಯುತ್ತಿದ್ದರು. ಅಜ್ಜಿ ಬೈಯುತ್ತಲೇ ತಲೆಗೆ ಎಣ್ಣೆ ಒತ್ತುತ್ತಿದ್ದಳು. ಗದರಿಸುವುದರಿಂದ ಹಿಡಿದು ಬಾಯಿಗೆ ಬಂದಂತೆ ಅನ್ನುವವರೆಗೆ ಎಲ್ಲವೂ ಬೈಯುವುದೇ. ಇಷ್ಟನ್ನು ಹಿಂದಿಯಲ್ಲಿ ಅವರಿಗೆ ವಿವರಿಸುತ್ತಾ ಇರುವಾಗಲೇ ನನ್ನ ಬೆನ್ನು ತಣ್ಣಗಾಯಿತು. "ಸರಿ, ಆ ಇನ್ನೊಂದು ಮಾತು?" ಅಂದರು ಮಲಯಾಳಿ ಸ್ನೇಹಿತೆ. ಮಂಗ್ಯಾನ ಮಗ. ಕೋತಿಯ ಮಗ. ನಮ್ಮ ಹಾಸನ ಮಂಡ್ಯದ ಕಿವಿಗೆ ಅದು ಕೆಟ್ಟ ಬೈಗುಳ. ಆದರೆ ನಾನು ಹಾಸ್ಟೆಲಿನಲ್ಲಿದ್ದಾಗ ಪಕ್ಕದ ಕೋಣೆಯ ಧಾರವಾಡದ ಹುಡುಗಿಯನ್ನು ನೋಡಲು ಅವಳಪ್ಪ ಬಂದವರು, ಚೀಲದಿಂದ ಪೇಢೆ ಡಬ್ಬಿ ತೆಗೆಯುತ್ತಾ, "ಏ ಮಂಗ್ಯಾ, ಎಷ್ಟ ಸೊರಗೀಯಲೇ" ಅಂದು ಕಣ್ಣು ಒರೆಸಿಕೊಂಡದ್ದು ನನಗೆ ಆ ಕ್ಷಣ ನೆನಪಾಯಿತು. ಆ ಕಡೆ ಮಗುವನ್ನು ಹಾಗೆ ಕರೆಯುವುದರಲ್ಲಿ ಸಿಟ್ಟೂ ಇರಬಹುದು, ಮುದ್ದೂ ಇರಬಹುದು. ಯಾವುದು ಅಂತ ಆಡಿದವನ ದನಿ ಕೇಳಿದವರಿಗೇ ಗೊತ್ತು. ನಾನು ಆ ದನಿ ಕೇಳಿರಲಿಲ್ಲ. ಆ ಮನುಷ್ಯನನ್ನು ನೋಡಿಯೇ ಇರಲಿಲ್ಲ. ಮಗುವಿಗೆ ಅದನ್ನು 'ಬೈತಾರೆ' ಅಂತ ಹೆಸರಿಟ್ಟವರು ಯಾರು? ಅವನೋ, ಮಂಡ್ಯದ ಕಿವಿಯ ಅವನ ಅಮ್ಮನೋ?

ಭಯ ಎಂಬ ಮಾತಿಗೂ ಅದೇ ಗತಿ. "ಅಪ್ಪನ್ನ ಕಂಡ್ರೆ ಸ್ವಲ್ಪ ಭಯ ಇರಬೇಕು" ಅಂತ ನಮ್ಮ ಮನೆಗಳಲ್ಲಿ ಹೊಗಳುವುದಿಲ್ಲವೇ? ಭಯ ಭಕ್ತಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಭಾಷೆ ನಮ್ಮದು. ಕನ್ನಡ ಬರುತ್ತದೆ ಅಂತ ನನ್ನ ಹತ್ತಿರ ಬಂದ ಮಗುವಿನ ಕನ್ನಡವನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಕೋರ್ಟಿಗೆ ಒಪ್ಪಿಸಿದ್ದೆ. ಕನ್ನಡದ ಒಂದಕ್ಷರ ಬಾರದ ಐದು ಜನ ಅದನ್ನು ಹಿಡಿದರು.

ಹಾಗಂತ ತಂದೆ ಸಾಧು ಅಂತ ಅವರು ಯಾರೂ ಅನ್ನಲಿಲ್ಲ. ಪಂಜಾಬಿ ಸ್ನೇಹಿತೆ ಸಿಟ್ಟಿನಿಂದಲೇ ಹೇಳಿದಳು: "ತಟ್ಟೆ ಎಸೆದದ್ದು ಯಾವ ಭಾಷೆಯಲ್ಲೂ ಮುದ್ದಲ್ಲ." ನಿಜ. ದೀದಿ ಒಂದು ಹಾಳೆ ಕೊಟ್ಟು ಮೂರು ಕಾಲಂ ಎಳೆಸಿದರು: ಕಂಡದ್ದು, ಕೇಳಿದ್ದು, ಅಂದುಕೊಂಡದ್ದು. ನನ್ನ ಪತ್ರದ ಮೊದಲ ವಾಕ್ಯ ಕೇಳಿದ್ದು, ಅದೂ ತಪ್ಪು ಅನುವಾದ. ಎರಡನೆಯದು ಅರ್ಧ ಕೇಳಿದ್ದು, ಅರ್ಧ ಅಂದುಕೊಂಡದ್ದು. ಮೂರನೆಯದು ಪೂರಾ ಅಂದುಕೊಂಡದ್ದು. ತಂದೆಯನ್ನು ನೋಡದೆ ಭೇಟಿ ಎಷ್ಟಿರಬೇಕು ಅಂತ ಹೇಳುವುದು ನನ್ನ ಕೆಲಸವೇ ಅಲ್ಲ. ಕಂಡದ್ದು ಎಂಬ ಕಾಲಮಿನಲ್ಲಿ ಉಳಿದದ್ದು ಮೆಟ್ರೋ ಚಿತ್ರಗಳು.

ಹುಡುಗ ಯಾಕೆ ಮಾತು ನಿಲ್ಲಿಸಿದ ಎಂಬ ನನ್ನ ಪ್ರಶ್ನೆಗೂ ಉತ್ತರ ಅದರಲ್ಲೇ ಇತ್ತು. ನನ್ನ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಿ, ದೊಡ್ಡದಾಗಿ, ಅಪ್ಪನ ಭಾನುವಾರವನ್ನೇ ನುಂಗಿತು ಅಂತ ಅವನಿಗೆ ತಿಳಿದಿತ್ತು. ಮಕ್ಕಳ ಕೋಣೆಯಲ್ಲಿ ಅಪ್ಪ ಕೇಳಿದ್ದರಂತೆ, "ಆ ಆಂಟಿ ಮುಂದ ಏನ್ ಹೇಳಿದ್ಯೋ?" ಇದು ನನಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಮುಂದೇನು ಮಾಡಬೇಕು ಎಂಬುದರ ಮೇಲೆ ನಾವು ಎರಡು ಶನಿವಾರ ಕಾದಾಡಿದೆವು. ಎರಡನೆಯ ಪತ್ರ ಬರೆಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ: ನಾನು ತಂದೆಯನ್ನು ಭೇಟಿ ಮಾಡಿಲ್ಲ, ಮಗುವಿನ ಮಾತು ಕನ್ನಡದಲ್ಲಿ ಇಂತಿತ್ತು, ಭೇಟಿಯ ಬಗ್ಗೆ ನಾನು ಬರೆದದ್ದು ನನ್ನ ಪಾತ್ರದ ಹೊರಗಿನದು ಅಂತ. ಆದರೆ ಅದನ್ನು ಯಾರಿಗೆ ಕೊಡಬೇಕು? ನೇರ ತಂದೆಗೆ ಕೊಟ್ಟರೆ ತಾಯಿಯ ಗುಟ್ಟು ಮುರಿದಂತೆ. ತಾಯಿಗೆ ಮಾತ್ರ ಕೊಟ್ಟರೆ ಆಕೆ ಕೋರ್ಟಿಗೆ ತರುವಳೇ? ಕೊನೆಗೆ ಪರಿಚಯದ ವಕೀಲರೊಬ್ಬರನ್ನು ಹೆಸರು ಹೇಳದೆ ಕೇಳಿ, ತಾಯಿಗೇ ಕೊಟ್ಟು, ಕೋರ್ಟು ಕರೆದರೆ ಎರಡನ್ನೂ ಒಪ್ಪಿಸುತ್ತೇನೆ ಅಂತ ಆಕೆಗೆ ಮೊದಲೇ ಹೇಳಿಬಿಡುವುದು ಅಂತಾಯಿತು. ಹೇಳಿದೆ. ಆಕೆ ಪತ್ರ ಓದಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ನೀವು ನಮ್ಮೋರು ಅಂದ್ಕೊಂಡಿದ್ದೆ" ಅಂದಳು. ಅಕ್ಕಾ ಅನ್ನಲಿಲ್ಲ. ಮುಂದಿನ ವಾರದಿಂದ ಹುಡುಗನನ್ನು ಕರೆತರಲಿಲ್ಲ.

ನಾಲ್ಕು ತಿಂಗಳ ಮೇಲೆ ಸಮನ್ಸ್ ಬಂತು. ಪಾಟೀಸವಾಲು ಹತ್ತು ನಿಮಿಷವೂ ನಡೆಯಲಿಲ್ಲ. "ತಂದೆಯನ್ನು ನೋಡಿದ್ದೀರಾ?" ಇಲ್ಲ. "ಮಗುವಿನ ಮನೆಗೆ ಹೋಗಿದ್ದೀರಾ?" ಇಲ್ಲ. "ಮತ್ತೆ ಇದನ್ನು ಹೇಗೆ ಬರೆದಿರಿ?" ತಪ್ಪಾಗಿ ಬರೆದೆ ಅಂದೆ. ವಕೀಲರು ಇನ್ನೂ ಏಳೆಂಟು ಪ್ರಶ್ನೆ ಬರೆದುಕೊಂಡು ಬಂದಿದ್ದರು ಅಂತ ಕಾಣುತ್ತದೆ. ಹಾಳೆ ಮಡಿಸಿ ಕೂತರು. ಎರಡನೆಯ ಪತ್ರವನ್ನೂ ಒಪ್ಪಿಸಿದೆ. ಆಮೇಲೆ ಕೋರ್ಟು ಬೇರೆ ತಜ್ಞರನ್ನು ನೇಮಿಸಿತು. ಮಕ್ಕಳ ಕೋಣೆಯ ಏರ್ಪಾಡು ಒಟ್ಟು ಏಳು ತಿಂಗಳು ನಡೆಯಿತು. ಆಮೇಲೆ ಏನಾಯಿತು ಎಂಬುದು ನನಗೆ ಸಂಬಂಧಿಸಿದ್ದಲ್ಲ, ಹಾಗಾಗಿ ಬರೆಯುವುದೂ ಸರಿಯಲ್ಲ.

ಕಾನೂನಿನ ಒಂದು ವಿಷಯ ಇಲ್ಲಿ ಸೇರಿಸಬೇಕು, ಯಾಕೆಂದರೆ ಈ ಕಸುಬಿಗೆ ಬರಬೇಕೆಂದಿರುವ ನಿಮ್ಮಲ್ಲಿ ಕೆಲವರಿಗೆ ಇದು ತಿಳಿದಿರುವುದಿಲ್ಲ. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ಗಂಡ ಹೆಂಡತಿಯ ನಡುವಿನ ಮಾತಿಗೂ ಒಂದು ಬಗೆಯ ರಕ್ಷಣೆಯಿದೆ. ಚಿಕಿತ್ಸಕಿಗೆ ಅಂಥ ರಕ್ಷಣೆಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯ ಹಕ್ಕು ಕೊಟ್ಟಿದೆ, ಆದರೆ ಅಧಿಕಾರವುಳ್ಳವರ ಆದೇಶ ಬಂದರೆ ಮಾಹಿತಿ ಕೊಡಬೇಕಾಗುತ್ತದೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗುಟ್ಟು ಎಂಬುದು ಸಾಮಾನ್ಯ ನಿಯಮ. ಆದರೆ ದೆಹಲಿ ಹೈಕೋರ್ಟಿನಿಂದ ಹೋದ ಒಂದು ಮಗುವಿನ ಪ್ರಕರಣದಲ್ಲಿ, 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಮಗುವಿನ ಪಾಲನೆಯ ವಿಷಯದಲ್ಲಿ ಸಲಹೆಗಾರರ ವರದಿಗೆ ಆ ಗುಟ್ಟಿನ ನಿಯಮ ಅನ್ವಯಿಸುವುದಿಲ್ಲ, ಮಗುವಿನ ಹಿತವೇ ದೊಡ್ಡದು, ಕೋರ್ಟು ಅದನ್ನು ನೋಡಬಹುದು ಎಂದಿತು. ಅದು ಸರಿಯೋ ತಪ್ಪೋ ಎಂಬುದರ ಬಗ್ಗೆ ನಮ್ಮ ಕೂಟದಲ್ಲಿ ಇನ್ನೂ ಒಮ್ಮತವಿಲ್ಲ. ಕೋರ್ಟಿಗೆ ಮಗುವಿನ ಮನಸ್ಸು ತಿಳಿಯದೆ ಹೇಗೆ ತೀರ್ಮಾನ ಮಾಡಬೇಕು ಅಂತ ದೀದಿ. ಮಗು ಇನ್ನು ಯಾರ ಹತ್ತಿರ ಮಾತಾಡಬೇಕು ಅಂತ ನಾನು.

ಈ ಕಾರಣಕ್ಕೆ ನಮ್ಮ ಅಭ್ಯಾಸಗಳು ಕೆಲವು ಬದಲಾದವು. ಮೊದಲ ದಿನವೇ ತಂದೆತಾಯಿಗೆ, ಮಗುವಿಗೂ ಅದಕ್ಕೆ ತಿಳಿಯುವ ಮಾತಿನಲ್ಲಿ, ಇಲ್ಲಿ ಆಡಿದ್ದು ಯಾವಾಗ ಹೊರಗೆ ಹೋಗಬಹುದು ಅಂತ ಹೇಳುತ್ತೇವೆ. ಟಿಪ್ಪಣಿಯಲ್ಲಿ ಮಗುವಿನ ಮಾತನ್ನು ಅದರ ಭಾಷೆಯಲ್ಲೇ ಬರೆಯುತ್ತೇವೆ. ಅನುವಾದ ಬೇಕಾದರೆ ಕೆಳಗೆ. ಪತ್ರ ಕೇಳಿದರೆ ಅವತ್ತೇ ಕೊಡುವುದಿಲ್ಲ, ಒಂದು ಶನಿವಾರ ದಾಟಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಮಾತ್ರ ಶನಿವಾರ ಕಾಯುವಂತಿಲ್ಲ. 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಇದು ಸುಳ್ಳು ಆರೋಪ ಇರಬಹುದೇ ಅಂತ ಆರು ಜನ ಕೂತು ಚರ್ಚಿಸುವ ಅಧಿಕಾರ ನಮಗಿಲ್ಲ. ಹಾಗೆ ಚರ್ಚಿಸಲು ಹೊರಟಿದ್ದೆವು ಒಮ್ಮೆ, ಲಖನೌದಾಕೆ ಎದ್ದು ನಿಂತು ತಡೆದಳು.

ಇನ್ನೊಂದು ಅಪಾಯ ಹೊಸ ಪದಗಳದು. 'ಪೇರೆಂಟಲ್ ಏಲಿಯ‌ನೇಷನ್' ಅಂತ ಒಂದಿದೆ: ಒಬ್ಬ ಪಾಲಕರು ಮಗುವಿನ ತಲೆ ಕೆಡಿಸಿ ಇನ್ನೊಬ್ಬರ ಮೇಲೆ ಎತ್ತಿಕಟ್ಟುವುದು. ರಿಚರ್ಡ್ ಗಾರ್ಡ್ನರ್ ಎಂಬ ಅಮೆರಿಕದ ಮನೋವೈದ್ಯ 1985ರಲ್ಲಿ ಅದಕ್ಕೊಂದು ರೋಗದ ಹೆಸರು ಕೊಟ್ಟ. 2017ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲೂ ಅದರ ಪ್ರಸ್ತಾಪ ಬಂತು. ಆದರೆ 2013ರ ಡಿಎಸ್ಎಂ-5 ಎಂಬ ಅಮೆರಿಕನ್ ರೋಗಪಟ್ಟಿಯಲ್ಲಿ ಅದು ರೋಗವಾಗಿ ಸೇರಿಲ್ಲ. ಎತ್ತಿಕಟ್ಟುವುದು ಇಲ್ಲವೆಂದಲ್ಲ, ನಮ್ಮ ಮನೆಗಳಲ್ಲಿ ಕೋರ್ಟಿಗೆ ಹೋಗದೆಯೂ ಅದು ನಡೆಯುತ್ತದೆ. ಆದರೆ ಮಗು ಅಪ್ಪನನ್ನು ಬೇಡ ಅನ್ನುವುದಕ್ಕೆ ತಟ್ಟೆಯೂ ಕಾರಣವಿರಬಹುದು, ಅಮ್ಮನ ಕಣ್ಣೀರೂ ಇರಬಹುದು, ಭಾನುವಾರದ ಕ್ರಿಕೆಟ್ಟೂ ಇರಬಹುದು. ಕೂಟದಲ್ಲಿ ಯಾರಾದರೂ ಆ ದೊಡ್ಡ ಪದ ಬಳಸಿದರೆ "ಮಗು ಏನಂತು, ಅದನ್ನು ಹೇಳಿ" ಅಂತ ಉಳಿದವರು ಕೇಳಬೇಕು ಎಂಬುದು ಈಗ ರೂಢಿ.

ಸರೀಕರು ಯಾವಾಗಲೂ ಸರಿ ಅಂತ ನಾನು ಹೇಳುತ್ತಿಲ್ಲ. ಸ್ನೇಹ ಬೆಳೆದಂತೆ ಒಬ್ಬರ ಮಾತಿಗೆ ಇನ್ನೊಬ್ಬರು ತಲೆ ಆಡಿಸುವುದು ಹೆಚ್ಚುತ್ತದೆ. ಒಂದು ಸಂಜೆ ಯಾರ ಕೇಸಿಗೂ ಯಾರೂ ಏನೂ ಅನ್ನಲಿಲ್ಲ. ದೀದಿ ಸಮೋಸಾ ತಟ್ಟೆ ಹೊರಗೆ ತರಲೇ ಇಲ್ಲ. "ಇವತ್ತು ಎಲ್ಲರೂ ತುಂಬಾ ಒಳ್ಳೆಯವರಾಗಿದ್ದೀರಿ. ಇನ್ನೊಂದು ಸುತ್ತು ಮಾಡಿ" ಅಂದರು.

ಬರುವ ಶನಿವಾರ ನನ್ನ ಸರದಿ ಅಲ್ಲ. ಆದರೂ ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಕನ್ನಡದ ಒಂದು ಹೊಸ ಸಂಸಾರ ಮೆಟ್ಟಿಲು ಹತ್ತಿ ಬಂದಿದೆ. ಈ ಸಲ ತಂದೆ ಬಂದಿದ್ದಾರೆ, ಅರಸೀಕೆರೆಯವರು, ನನ್ನ ತವರಿನಿಂದ ಎರಡೇ ಸ್ಟೇಷನ್ನು. ಕೂತ ಕೂಡಲೇ "ಅಕ್ಕಾ, ನೀವೇ ನಮ್ಮೋರು" ಅಂದರು. ನಾನು ಇವರನ್ನು ನೋಡಬೇಕೇ, ಮಲಯಾಳಿ ಸ್ನೇಹಿತೆಗೆ ಒಪ್ಪಿಸಬೇಕೇ?